ಮೊದಲು ಚರಂಡಿ, ಆಮೇಲೆ ಕಮಾನು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಮಗ್ಗುಲಲ್ಲೇ ಬೆಳೆಯುತ್ತಿರುವ ಚಿಕ್ಕಬಳ್ಳಾಪುರಕ್ಕೆ ಈಗ ಮೊದಲು ಬೇಕಿರುವುದು ನೀರು ಮತ್ತು ಒಳಚರಂಡಿ. ಅಲಂಕಾರದ ದೀಪ, ಸ್ವಾಗತ ಕಮಾನು ಆಮೇಲೆ ಬರಲಿ.

2007ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಇಲ್ಲಿ ಸೈಟಿನ ಬೆಲೆ ಏರಿದಷ್ಟು ಬೇಗ ಸೌಕರ್ಯ ಏರಲಿಲ್ಲ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಕುಡಿಯಲು ಜಕ್ಕಲಮಡುಗು ಜಲಾಶಯವನ್ನೇ ನೆಚ್ಚಬೇಕು, ಅದರಲ್ಲೂ ದೊಡ್ಡಬಳ್ಳಾಪುರಕ್ಕೆ ಪಾಲಿದೆ. ಮಳೆ ಕೈಕೊಟ್ಟರೆ ಟ್ಯಾಂಕರೇ ಗತಿ.

ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯಲ್ಲಿ ನಮ್ಮ ಕಂದವಾರ ಕೆರೆಗೆ ಬರುತ್ತಿದೆ. ಅದನ್ನು ಮೂರನೇ ಹಂತದಲ್ಲೂ ಶುದ್ಧಗೊಳಿಸಿ ಎಂದು ಕೇಳುತ್ತೇವೆ. ಕೇಳಲೇಬೇಕು. ಆದರೆ ನಮ್ಮದೇ ಮನೆಗಳ ಬಚ್ಚಲು ನೀರು ಕೊನೆಗೆ ಯಾವ ಕೆರೆ ಸೇರುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು, ಅಲ್ವಾ?

ಹೊಸ ಬಡಾವಣೆಗಳಲ್ಲಿ ಚರಂಡಿ, ನೀರಿನ ಪೈಪ್ ಕೆಲಸ ಮುಗಿಯದೆ ಸೈಟುಗಳಿಗೆ ಖಾತೆ ಮಾಡಿಕೊಡಬಾರದು. ನಗರಸಭೆ ಬಜೆಟ್‌ಗೆ ಮುಂಚೆ ಸುಮ್ನೆ ಕಾಟಾಚಾರದ ಸಭೆ ಬೇಡ. ನಗರಸಭೆಯವರು ಪ್ರತಿ ವಾರ್ಡ್‌ನಲ್ಲಿ ಒಂದು ಸಂಜೆ ಜನರನ್ನು ಕೂರಿಸಿ, ಅವರ ಮೊದಲ ಮೂರು ಬೇಡಿಕೆ ಬರೆದುಕೊಳ್ಳಲಿ. ಆ ಪಟ್ಟಿಯನ್ನು ವಾರ್ಡ್‌ನಲ್ಲೇ ಅಂಟಿಸಲಿ.

– ಓರ್ವ ಓದುಗ, ಚಿಕ್ಕಬಳ್ಳಾಪುರ