ಬಣ್ಣ ನಡೆದ ದಿನ

ಕಲಬುರಗಿ

ಪ್ರೀತಿಯ ಮಗಳೇ,

ನೀನು ಒತ್ತಾಯ ಮಾಡಿ ಹೆಸರು ಬರೆಸಿದ ಚಿತ್ರಕಲಾ ಶಿಬಿರ ನಿನ್ನೆ ಮುಗಿಯಿತು. ಐದೂ ದಿನ ತಪ್ಪದೆ ಹೋಗಿದ್ದೆ. ಫೋನಿನಲ್ಲಿ ನೀನು ಕೇಳಿದಾಗ "ಚಲೋ ಆತವ್ವಾ" ಅಂದು ಇಟ್ಟುಬಿಟ್ಟೆ. ಹೇಳಬೇಕಾದದ್ದು ಬೇರೆಯೇ ಇತ್ತು, ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

30 ವರ್ಷ ಬೋರ್ಡ್ ಬರೆದ ಕೈ ನನ್ನದು. ತಗಡಿಗೆ ಎನಾಮಲ್, ದಾರಕ್ಕೆ ಸೀಮೆಸುಣ್ಣ ಹಚ್ಚಿ ಹೊಡೆದ ಗೆರೆ, ಆ ಗೆರೆಯೊಳಗೇ ಅಕ್ಷರ. ಬಣ್ಣ ಸೋರಿದರೆ ಬೋರ್ಡ್ ಕೆಟ್ಟ ಹಾಗೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು, ಕೈಯ ಬಿಗಿ ಮಾತ್ರ ಹೋಗಲಿಲ್ಲ.

ಮೊದಲ ದಿನವೇ ಸರ್ ಹಾಳೆಯನ್ನು ಪೂರ್ತಿ ತೋಯಿಸಲು ಹೇಳಿದರು. ಜಲವರ್ಣಕ್ಕೆ ಬಳಸುವ ದಪ್ಪ ಹಾಳೆ, ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು. ಬ್ರಷ್ ಇಟ್ಟ ಕೂಡಲೇ ನೀಲಿ ನಾಲ್ಕೂ ಕಡೆ ಓಡಿತು. ಒರೆಸಲು ಬಟ್ಟೆ ತೆಗೆದೆ. "ಬಿಡ್ರಿ, ಎಲ್ಲಿಗಿ ಹೋಗ್ತದ ನೋಡ್ರಿ" ಅಂದರು. ಸುಮ್ನೆ ನೋಡುತ್ತಾ ಕೂರುವುದು ಅಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ.

ನಮ್ಮ ಮೇ ತಿಂಗಳು ನಿನಗೆ ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ಇನ್ನೊಂದು ಬಣ್ಣ ಕಲಸುವಷ್ಟರಲ್ಲಿ ಹಾಳೆ ಒಣಗುತ್ತಿತ್ತು. ಅರ್ಧ ಒಣಗಿದ ಕಡೆ ಮತ್ತೆ ನೀರು ಬಿದ್ದರೆ ಅಂಚು ಹೂಕೋಸಿನ ಹಾಗೆ ಕಟ್ಟಿಕೊಳ್ಳುತ್ತದೆ. ಮೂರು ಹಾಳೆ ಹಾಗೇ ಹೋದವು. ಆಮೇಲೆ ಫ್ಯಾನ್ ಆರಿಸಿ, ಎರಡೂ ಬದಿ ತೋಯಿಸಿ, ಗಾಜಿನ ಮೇಲೆ ಹಾಸಿಕೊಂಡು ಕೂತೆವು. ನಾವು ಬೆವರಿದೆವು, ಹಾಳೆ ಹಸಿಯಾಗಿ ಉಳಿಯಿತು.

ಉಪ್ಪಿನ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು. ಹಸಿ ಬಣ್ಣದ ಹೊಳಪು ಇನ್ನೇನು ಆರುತ್ತದೆ ಅನ್ನುವಾಗ ನಾಲ್ಕು ಹರಳು ಉದುರಿಸಬೇಕು. ಹರಳು ಸುತ್ತಲಿನ ಬಣ್ಣದ ನೀರನ್ನು ಹೀರುತ್ತದೆ. ಪೂರ್ತಿ ಒಣಗಿದ ಮೇಲೆ ಉಪ್ಪು ಒರೆಸಿದರೆ ಒಂದೊಂದು ಹರಳಿನ ಜಾಗದಲ್ಲಿ ಒಂದೊಂದು ಬೆಳ್ಳನೆಯ ಚಿಕ್ಕೆ! ಬೇಗ ಹಾಕಿದರೆ ಕರಗಿಹೋಗುತ್ತದೆ, ತಡವಾದರೆ ಏನೂ ಆಗುವುದಿಲ್ಲ. ಆ ಗಳಿಗೆ ಕಣ್ಣಿಗೇ ಗೊತ್ತಾಗಬೇಕು.

ಚಾಕುವಿನಿಂದ ಬಣ್ಣ ಮೆತ್ತುವುದು ಬೇಗ ಬಂತು, ಗೋಡೆಗೆ ಪುಟ್ಟಿ ಎಳೆದವನಿಗೆ ಅದೇನು ಹೊಸದು. ಒಂದು ದಿನ ಸುರಪುರ ಶೈಲಿಯ ಸಣ್ಣ ಗೆರೆ, ಬಂಗಾರದ ಕೆಲಸ ತೋರಿಸಿದರು. ಅಲ್ಲಿ ನನ್ನ ಕೈ ನಡುಗಲಿಲ್ಲ. ಕಾಲೇಜು ಹುಡುಗರ ನಡುವೆ ಕೂರಲು ನಾಚಿಕೆಯೂ ಆಗಲಿಲ್ಲ. ನಮ್ಮೂರಲ್ಲೇ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದವರು. ಕ್ಯಾಲೆಂಡರಿನಲ್ಲಿದ್ದ ಅವರ ದೇವರ ಚಿತ್ರ ನೋಡಿಯೇ ನಾನು ನೆರಳು ಬೆಳಕು ಕಲಿತದ್ದು.

ಆದರೆ ಮೊದಲ ದಿನ ಆ ನೀಲಿ ಓಡಿದಾಗ ನೆನಪಾದದ್ದು ನೀನು. ನಿನಗಾಗ ಎರಡನೇ ಕ್ಲಾಸು. ಅಂಗಡಿಯಲ್ಲಿ ಹಸಿ ಬೋರ್ಡಿನ ಮೇಲೆ ನೀನು ಟರ್ಪಂಟೈನ್ ಚೆಲ್ಲಿದ್ದೆ. ಕೆಂಪು ಅಕ್ಷರ ಕರಗಿ ಕೆಳಗಿಳಿಯುತ್ತಿದ್ದರೆ ನೀನು ಚಪ್ಪಾಳೆ ತಟ್ಟಿ, "ಅಪ್ಪಾ, ಬಣ್ಣ ನಡೀಲಾಕತ್ತದ ನೋಡು" ಅಂದೆ. ನಾನು ಹೊಡೆದೆ. ಬೆಳಿಗ್ಗೆ ಗಿರಾಕಿಗೆ ಕೊಡಬೇಕಿತ್ತು, ರಾತ್ರಿಯೆಲ್ಲ ಕೂತು ಮತ್ತೆ ಬರೆದೆ. ಅವತ್ತಿನಿಂದ ನೀನು ಬ್ರಷ್ ಮುಟ್ಟಲಿಲ್ಲ. ಚಿತ್ರ ಬರೆಯುವುದು ಅಪ್ಪನಿಗೆ ಇಷ್ಟ ಅಂತ ನನ್ನನ್ನು ಶಿಬಿರಕ್ಕೆ ಕಳಿಸಿದವಳೂ ನೀನೇ.

ನೀನು ಅಂದು ಕಂಡದ್ದನ್ನು ನಾನು ಈಗ ಕಂಡೆ. ತಪ್ಪು ನನ್ನದವ್ವಾ.

ಉಪ್ಪಿನ ಹಾಳೆ ಇದರ ಜೊತೆ ಕೊರಿಯರ್ ಮಾಡಿದ್ದೇನೆ. ಮೂಲೆಯಲ್ಲಿ ಎರಡು ಹರಳು ಅಂಟಿಕೊಂಡಿವೆ, ಕೆರೆಯಬೇಡ. ಇನ್ನೆರಡು ಹಾಳೆ ಬಳಸದೆ ತೆಗೆದಿಟ್ಟಿದ್ದೇನೆ. ಪಂಚಮಿಗೆ ಬರುತ್ತೀಯಲ್ಲ, ಆಗ ಒಂದು ನೀನು ತೋಯಿಸು, ಒಂದು ನಾನು. ಅಷ್ಟೊತ್ತಿಗೆ ಮಳೆ ಹಿಡಿದಿರುತ್ತದೆ. ಹಾಳೆ ಬೇಗ ಒಣಗುವುದಿಲ್ಲ.

ಇಂತಿ,
ನಿನ್ನ ಅಪ್ಪ