ಅಪರಿಚಿತನ ಕಣ್ಣು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯನಿಗೆ,

ಆಪ್ತರ ನಡುವೆ ಬಾಳುವಾಗ ಇರುವ ಒಳ್ಳೆಯತನ, ಅಪರಿಚಿತರೊಡನೆ ಕೊಡುಕೊಳ್ಳುವ ವಾಣಿಜ್ಯ ಸಮಾಜದಲ್ಲಿ ಸವೆದುಹೋಗುತ್ತದೆ ಎಂದು ನೀನು ಬರೆದ ಮಾತು ನನ್ನ ಮನಸ್ಸನ್ನು ಬಿಟ್ಟಿಲ್ಲ. ಅದರಲ್ಲಿ ಅರ್ಧ ಮಾತ್ರ ನಿಜವೆಂದು ನನಗೆ ತೋರುತ್ತದೆ.

ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನ ಚಿಂತಕ ಆಡಂ ಸ್ಮಿತ್‌ನನ್ನು ನಾವು ಅವನ 1776ರ ಅರ್ಥಶಾಸ್ತ್ರದ ಗ್ರಂಥದಿಂದಲೇ ಗುರುತಿಸುತ್ತೇವೆ. ಅದಕ್ಕೂ ಹದಿನೇಳು ವರ್ಷ ಮೊದಲು, 1759ರಲ್ಲಿ, ನೈತಿಕ ಭಾವನೆಗಳನ್ನು ಕುರಿತ ಪುಸ್ತಕದಲ್ಲಿ ಅವನು ಒಂದು ಸೂಕ್ಷ್ಮವನ್ನು ಹೇಳಿದ್ದ: ಸಂಕಟದಲ್ಲಿರುವಾಗ ನಾವು ಗೆಳೆಯನ ಮುಂದೆ ಎಲ್ಲವನ್ನೂ ತೋಡಿಕೊಳ್ಳುತ್ತೇವೆ, ಬರಿಯ ಪರಿಚಯದವನ ಮುಂದೆ ತುಸು ಬಿಗಿಹಿಡಿಯುತ್ತೇವೆ, ಅಪರಿಚಿತರ ನಡುವೆ ಇನ್ನಷ್ಟು ಶಾಂತರಾಗುತ್ತೇವೆ, ಏಕೆಂದರೆ ಅಷ್ಟು ಅನುಕಂಪವನ್ನು ಅವರಿಂದ ನಿರೀಕ್ಷಿಸುವಂತಿಲ್ಲ, ಅವರು ಒಪ್ಪುವ ಮಟ್ಟಕ್ಕೆ ನಮ್ಮ ಭಾವವನ್ನು ನಾವೇ ಇಳಿಸಿಕೊಳ್ಳಬೇಕಾಗುತ್ತದೆ. ಇದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಮನೆಯವರ ಮೇಲೆ ಹರಿಹಾಯುವ ಸಿಟ್ಟನ್ನು ನಾವು ಹೊರಗಿನವರ ಮುಂದೆ ನುಂಗಿಕೊಳ್ಳುವುದಿಲ್ಲವೇ? ಸಲಿಗೆಯ ಹೆಸರಿನಲ್ಲಿ ನಡೆಯುವ ದಬ್ಬಾಳಿಕೆಯನ್ನೂ ನಮ್ಮವರೆಂಬ ಕಾರಣಕ್ಕೆ ಮಾಡುವ ಪಕ್ಷಪಾತವನ್ನೂ ಅಪರಿಚಿತನು ಮನ್ನಿಸುವುದಿಲ್ಲ. ದಿನವೂ ಅಂಥವರೊಡನೆ ವ್ಯವಹರಿಸಬೇಕಾದ ಸಮಾಜವು ಸಂಯಮವನ್ನೂ ಮಾತಿಗೆ ತಪ್ಪದಿರುವುದನ್ನೂ ಕಲಿಸುತ್ತದೆ. ಆದ್ದರಿಂದ ಪರಿಚಯವಿಲ್ಲದಿರುವುದೇ ಕೇಡೆಂದು ನಾನು ಒಪ್ಪಲಾರೆ.

ಆದರೆ ಈ ಪಾಠ ನಡೆಯುವುದು ಅಪರಿಚಿತನು ನಮ್ಮನ್ನು ನೋಡುತ್ತಿರುವವರೆಗೆ ಮಾತ್ರ. ಸ್ಮಿತ್‌ಗೂ ಇದು ತಿಳಿದಿತ್ತು. ಹಳ್ಳಿಯಲ್ಲಿ ಬಡವನ ನಡತೆಯ ಮೇಲೂ ನಾಲ್ವರ ಕಣ್ಣಿರುತ್ತದೆ, ಮಹಾನಗರಕ್ಕೆ ಬಂದೊಡನೆ ಅವನು ಯಾರ ಗಮನಕ್ಕೂ ಬಾರದೆ ಕತ್ತಲಲ್ಲಿ ಮುಳುಗುತ್ತಾನೆ, ಆಗ ದಾರಿ ತಪ್ಪುವುದು ಸುಲಭ ಎಂದು 1776ರ ಗ್ರಂಥದಲ್ಲಿ ಅವನೇ ಬರೆದಿದ್ದಾನೆ.

1960ರ ದಶಕದ ಆರಂಭದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ನಡೆಸಿದ ಪ್ರಯೋಗಗಳು ನಿನಗೆ ನೆನಪಿರಬೇಕು. ಇನ್ನೊಬ್ಬನಿಗೆ ವಿದ್ಯುದಾಘಾತ ಕೊಡುತ್ತಿದ್ದೇವೆಂದು ನಂಬಿದ್ದ ನಲವತ್ತು ಮಂದಿಯಲ್ಲಿ, ಅವನ ಕೂಗು ಗೋಡೆಯಾಚೆಯಿಂದ ಕೇಳಿಸುತ್ತಿದ್ದಾಗ 25 ಮಂದಿ ಕೊನೆಯ ಹಂತದವರೆಗೂ ಪ್ರಯೋಗ ನಡೆಸುವವನ ಆಜ್ಞೆ ಪಾಲಿಸಿದರು. ಅವನನ್ನು ಅದೇ ಕೋಣೆಯಲ್ಲಿ ಕೂರಿಸಿದಾಗ ಅಷ್ಟೇ ಜನರ ಬೇರೊಂದು ಗುಂಪಿನಲ್ಲಿ 16 ಮಂದಿ, ಅವನ ಕೈಯನ್ನು ತಾವೇ ಹಿಡಿದು ಆಘಾತದ ಫಲಕದ ಮೇಲೆ ಒತ್ತಬೇಕಾದಾಗ 12 ಮಂದಿ. ಆ ಹನ್ನೆರಡು ಮಂದಿಯನ್ನು ನೆನೆದರೆ ನನಗೆ ಇಂದಿಗೂ ಕಸಿವಿಸಿಯಾಗುತ್ತದೆ. ಆದರೂ ನೋಯುವವನು ಹತ್ತಿರವಾದಷ್ಟೂ ಆಜ್ಞೆ ಪಾಲಿಸುವವರ ಸಂಖ್ಯೆ ಇಳಿದದ್ದು ಸ್ಪಷ್ಟವಾಗಿದೆ.

ಇನ್ನು ಪೇಟೆಯ ಮಾತು. 2013ರಲ್ಲಿ ಜರ್ಮನಿಯ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತು ಯೂರೋಗೆ ಒಂದು ಇಲಿಯನ್ನು ಸಾಯಲು ಬಿಡಲು ಒಬ್ಬೊಬ್ಬರನ್ನೇ ಕೇಳಿದಾಗ ನೂರಕ್ಕೆ ಸುಮಾರು 46 ಮಂದಿ ಒಪ್ಪಿದರು. ಕೊಳ್ಳುವವನೊಬ್ಬನೊಡನೆ ಚೌಕಾಶಿಗೆ ಬಿಟ್ಟಾಗ ಅಷ್ಟಕ್ಕೋ ಅದಕ್ಕಿಂತ ಕಡಿಮೆಗೋ ಒಪ್ಪಿದವರು ಸುಮಾರು 72. ಇಲಿಯ ಚಿತ್ರವನ್ನು ಅವರಿಗೆ ಮೊದಲೇ ತೋರಿಸಲಾಗಿತ್ತು. ನೋಡಿದರಷ್ಟೇ ಸಾಲದು ಎಂದು ನಾನು ತಿಳಿದದ್ದು ಇಲ್ಲಿಂದ. ಒಪ್ಪಂದಕ್ಕೆ ಇನ್ನೊಬ್ಬನ ಕೈಯೂ ಸೇರಿದಾಗ ಹೊಣೆ ಹಂಚಿಹೋಗುತ್ತದೆ. ಇಲಿಯಾದರೋ ತಿರುಗಿ ನೋಡಿ ಏಕೆಂದು ಕೇಳುವಂತಿಲ್ಲ.

ನಾವು ತೊಡುವ ಬಟ್ಟೆ ಎಷ್ಟು ಕೈ ದಾಟಿ ಬರುತ್ತದೆಂದು ಯೋಚಿಸು. ಪ್ರತಿ ಹಂತದಲ್ಲೂ ವ್ಯವಹರಿಸುವ ಇಬ್ಬರು ಪರಸ್ಪರ ಪ್ರಾಮಾಣಿಕರಾಗಿರಬಹುದು, ಸಭ್ಯರಾಗಿರಬಹುದು. ಆದರೂ ಅದನ್ನು ಹೊಲಿದವಳಿಗೆ ನ್ಯಾಯವಾದ ಕೂಲಿ ಸಿಗದೆ ಹೋಗಬಹುದು. ನೀನು ಮರಳಿ ಬಯಸುವ ಆಪ್ತರ ವಲಯ ಅವಳವರೆಗೆ ಚಾಚುವುದಿಲ್ಲ. ಅವಳನ್ನು ಪ್ರೀತಿಸುವಂತೆ ನಮ್ಮನ್ನು ಯಾರೂ ಮಾಡಲಾರರು. ಅವಳ ಪ್ರಶ್ನೆ ನಮ್ಮನ್ನು ತಲಪುವ ದಾರಿಗಳನ್ನು, ಅಂದರೆ ಕಾರ್ಮಿಕ ಸಂಘ, ನ್ಯಾಯಾಲಯ, ಪತ್ರಿಕೆಗಳನ್ನು, ತೆರೆದಿಡಬಹುದು. ಆ ದಾರಿಗಳು ಆಪ್ತತೆಯಷ್ಟು ಬೆಚ್ಚಗಿಲ್ಲವೆಂದು ನೀನು ಹೇಳುವೆ. ನಿಜ, ಆದರೆ ಅವಳಿಗೆ ಬೇಕಾದದ್ದು ನಮ್ಮ ಮಮತೆಯೋ ನಮ್ಮ ಉತ್ತರವೋ ಎಂಬುದನ್ನು ಮುಂದಿನ ಪತ್ರದಲ್ಲಿ ನೀನು ಬರೆಯಬೇಕು.

ಇಂತಿ,
ನಿನ್ನ ಗೆಳೆಯ