ಮಂಜನಿಗೊಂದು ಕಾಗದ: ಮಿಗ್ ಕೊನೆಗೂ ಮುಗಿಯಿತು

ಮಂಜ,

ನನ್ನ ಮಿಗ್, ಆ ಯುದ್ಧವಿಮಾನದ ಪುಟಾಣಿ ಪ್ಲಾಸ್ಟಿಕ್ ಮಾಡೆಲ್, ಮುಗಿಯಿತು ಕಣೋ. ಫೋನ್ ಮಾಡಿ ಹೇಳೋಣ ಅಂದುಕೊಂಡೆ, ಆದರೆ ನೀನು "ಫೋಟೋ ಕಳಿಸು" ಅಂತ ಎರಡೇ ನಿಮಿಷಕ್ಕೆ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ನಮ್ಮ ಹಳೇ ಗ್ಯಾಂಗಿನವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೇ ಹಾಕುತ್ತಿದ್ದೇನೆ. ನಿನ್ನ ಮಾನ ಸ್ವಲ್ಪ ಹೋಗುತ್ತೆ, ಸಹಿಸಿಕೋ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ಮಾಡಿದರಲ್ಲ, ಅದನ್ನು ಟಿವಿಯಲ್ಲಿ ನೋಡುತ್ತಾ ಕೂತಿದ್ದೆ. 1963ರಲ್ಲಿ ಬಂದ ವಿಮಾನ. ಅರವತ್ತೆರಡು ವರ್ಷ ಹಾರಿದೆ, ನಮ್ಮಪ್ಪನ ಇಡೀ ಸರ್ವೀಸಿಗಿಂತ ಜಾಸ್ತಿ. ಅವತ್ತು ಸಂಜೆಯೇ ಅಟ್ಟ ಹತ್ತಿ ನಾಲ್ಕು ವರ್ಷದಿಂದ ಧೂಳು ತಿನ್ನುತ್ತಿದ್ದ ಕಿಟ್ ಇಳಿಸಿದೆ. ಮಿಗ್-21 ಎಫ್‌ಎಲ್, ನಮ್ಮ ವಾಯುಪಡೆಯವರು ಟೈಪ್ 77 ಅನ್ನುತ್ತಿದ್ದದ್ದು. 1/72 ಅಳತೆ. ನಿಜವಾದದ್ದರ ರೆಕ್ಕೆಯ ಅಗಲ ಈ ತುದಿಯಿಂದ ಆ ತುದಿಗೆ 7.15 ಮೀಟರ್, ನನ್ನದು ಹತ್ತು ಸೆಂಟಿಮೀಟರಿಗೆ ಒಂದು ಕೂದಲು ಕಮ್ಮಿ. ಅಂಗೈ ಮೇಲೆ ಕೂರುತ್ತೆ. ಡಬ್ಬದ ಬೆಲೆ ಕೇಳಬೇಡ, ಮನೆಯಲ್ಲೂ ಹೇಳಿಲ್ಲ, ಇದನ್ನು ಅವಳೂ ಓದುತ್ತಾಳೆ.

ಡಬ್ಬ ತೆಗೆದ ತಕ್ಷಣ ನೆನಪಾಗಿದ್ದು ನಾವು ಎಂಟನೇ ಕ್ಲಾಸಿನಲ್ಲಿ ವಿಮಾನಪುರದ ನಿಮ್ಮ ಕ್ವಾರ್ಟರ್ಸ್ ತಾರಸಿ ಮೇಲೆ ಕಟ್ಟಿದ ಆ ಮೊದಲನೇ ಮಿಗ್. ಎಚ್‌ಎಎಲ್ ರನ್‌ವೇಯಿಂದ ಜಾಗ್ವಾರ್ ಎದ್ದರೆ ಟ್ಯೂಬ್ ಕೆಳಗಿಟ್ಟು ಓಡುತ್ತಿದ್ದೆವು, ವಾಪಸ್ ಬರುವಷ್ಟರಲ್ಲಿ ಗ್ಲೂ ಒಣಗಿರುತ್ತಿತ್ತು. ಎಲ್ಲಾ ಮುಗಿದು ಕೊನೆಗೆ ಕ್ಯಾನಪಿ, ಅಂದರೆ ಪೈಲಟ್ ತಲೆ ಮೇಲಿನ ಆ ಗಾಜಿನ ಗುಮ್ಮಟ, ಅದನ್ನು ನೀನು ಸೂಪರ್ ಗ್ಲೂ ಹಾಕಿ ಅಂಟಿಸಿದೆ. ಬೆಳಗ್ಗೆ ನೋಡಿದರೆ ಒಳಗೆಲ್ಲ ಬೆಳ್ಳಗೆ ಮಂಜು! ಆ ಮಂಜಿನ ಮಧ್ಯೆ ನಿನ್ನ ಹೆಬ್ಬೆರಳ ಗುರುತು, ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟ. ನೀನು "ನಾನು ಮುಟ್ಟೇ ಇಲ್ಲ" ಅಂದೆ. ಈಗ ಗೊತ್ತಾಯಿತು ನೋಡು, ಸೂಪರ್ ಗ್ಲೂ ಒಣಗುವಾಗ ಏಳುವ ಆವಿ ಹೋಗಿ ಬೆರಳಿನ ಜಿಡ್ಡಿನ ಮೇಲೆ ಬೆಳ್ಳಗೆ ಕೂರುತ್ತೆ. ಪೊಲೀಸರು ಕಳ್ಳರ ಬೆರಳಚ್ಚು ಎಬ್ಬಿಸುವುದೂ ಇದೇ ಆವಿಯಿಂದ. ಇಷ್ಟು ವರ್ಷದ ಮೇಲೆ ಸಾಕ್ಷಿ ಸಿಕ್ಕಿದೆ, ಒಪ್ಪಿಕೋ.

ಈ ಸಲ ಕ್ಯಾನಪಿಗೆ ಫೆವಿಕಾಲ್. ಹೌದು, ಮರದ ಫೆವಿಕಾಲೇ. ಹಲ್ಲುಕಡ್ಡಿ ತುದಿಯಲ್ಲಿ ಇಷ್ಟೇ ಇಷ್ಟು. ಒಣಗಿದರೆ ಕಾಣುವುದೂ ಇಲ್ಲ, ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಎಫ್‌ಎಲ್‌ನ ಕ್ಯಾನಪಿ ಮುಂದಕ್ಕೆ ಮಗುಚಿ ತೆರೆಯುತ್ತೆ. ಹಾಗೆ ಯಾಕೆ ಅಂತ ಹುಡುಕುತ್ತಾ ಹೋದರೆ ಒಂದು ವಿಚಿತ್ರ ಸಿಕ್ಕಿತು. ಪೈಲಟ್ ಸೀಟಿನ ಸಮೇತ ಹೊರಗೆ ಹಾರಿದಾಗ ಈ ಗಾಜೂ ಅವನ ಜೊತೆಗೇ ಬಂದು ಎದುರುಗಾಳಿಗೆ ಗುರಾಣಿಯಾಗಬೇಕು ಅಂತ ಲೆಕ್ಕ ಹಾಕಿದ್ದರಂತೆ. ಮುಂದಿನ ಮಾಡೆಲ್‌ಗಳಲ್ಲಿ ಅದನ್ನು ಕೈಬಿಟ್ಟು, ಬಲಕ್ಕೆ ತೆರೆಯುವ ಕ್ಯಾನಪಿಯನ್ನೂ ಬೇರೆ ಸೀಟನ್ನೂ ಹಾಕಿದರು.

ಕಾಕ್‌ಪಿಟ್‌ನಲ್ಲೇ ಮೂರು ವಾರ ಕಳೆದೆ. ಜಾಸ್ತಿ ಆಯಿತು ಅಂತ ನನಗೂ ಗೊತ್ತು, ಮುಚ್ಚಿದ ಮೇಲೆ ಅದರಲ್ಲಿ ಕಾಲು ಭಾಗವೂ ಕಾಣಲ್ಲ. ಆದರೆ ಆ ಬಣ್ಣ ಇದೆಯಲ್ಲ, ರಷ್ಯನ್ನರ ಕಾಕ್‌ಪಿಟ್ಟಿನ ಹಸಿರು-ನೀಲಿ, ನಮ್ಮೂರ ಹಳೇ ಮನೆಗಳ ಕಿಟಕಿ ಸರಳಿಗೆ ಬಳಿಯುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ. ಅದನ್ನು ಕೂಡಿಸುವುದಕ್ಕೇ ನಾಲ್ಕು ಸಲ ಬಣ್ಣ ಬೆರೆಸಿದೆ. ಮುಂದಿನ ಡಯಲ್‌ಗಳ ಹಲಗೆ ಮೇಲೆ ನಡುವೆ ನೆಟ್ಟಗೆ ಒಂದು ಬಿಳಿ ಗೆರೆ ಎಳೆದಿರುತ್ತಾರೆ. ಅಲಂಕಾರಕ್ಕೆ ಅಂದುಕೊಂಡಿದ್ದೆ. ಅಲ್ಲ. ವಿಮಾನ ಗಿರಗಿರ ಸುತ್ತುತ್ತಾ ಬೀಳುವಾಗ ಪೈಲಟ್‌ಗೆ ಕಡ್ಡಿಯ, ಅಂದರೆ ವಿಮಾನ ನಡೆಸುವ ಜಾಯ್‌ಸ್ಟಿಕ್ಕಿನ, ನಡು ಯಾವುದು ಅಂತಲೇ ಗೊತ್ತಾಗಲ್ಲ. ಆಗ ಯೋಚನೆ ಮಾಡದೆ ಆ ಬಿಳಿ ಗೆರೆಯ ಕಡೆಗೆ ಕಡ್ಡಿ ನೂಕಬೇಕು, ಅದಕ್ಕೆ ಆ ಗೆರೆ. ಇದು ಗೊತ್ತಾದ ಮೇಲೆ ಅದನ್ನು ಸುಮ್ನೆ ಬ್ರಷ್ಷಿನಲ್ಲಿ ಎಳೆಯೋಕೆ ಮನಸ್ಸು ಬರಲಿಲ್ಲ. ಬಿಳಿ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಸ್ಟಿಕ್ಕರ್, ಅದರ ಹಾಳೆಯಿಂದ ದಾರದಷ್ಟು ಸಣ್ಣ ಎಳೆ ಕತ್ತರಿಸಿ ಚಿಮಟದಲ್ಲಿ ಹಿಡಿದು ಕೂರಿಸಿದೆ. ಏಳನೇದು ನೆಟ್ಟಗೆ ಕೂತಿತು. ಆರು ಎಲ್ಲಿ ಹೋದವೋ, ಒಂದು ನನ್ನ ಬನಿಯನ್ ಮೇಲೆ ಸಿಕ್ಕಿತು.

ಸೀಟ್ ಬೆಲ್ಟ್ ಮಾತ್ರೆ ಪಟ್ಟಿಯ ಹಾಳೆಯದು. ಮೂಗಿನ ಮೇಲೆ ಉದ್ದಕ್ಕೆ ಚಾಚಿರುತ್ತಲ್ಲ ಈಟಿ ಥರ, ಗಾಳಿಯ ವೇಗ ಅಳೆಯುವ ಪಿಟೋ, ಕಿಟ್‌ನದು ಕೊಬ್ಬಿದ ಗುಂಡುಸೂಜಿ ಥರ ಇತ್ತು, ಕಿತ್ತು ಹಾಕಿ ಅಮ್ಮನ ಇನ್ಸುಲಿನ್ ಸೂಜಿ ಕೂರಿಸಿದೆ. ಒಂದಕ್ಕೆ ಎರಡು ಕೇಳಿದ್ದಕ್ಕೆ ಅಮ್ಮ "ನಿನಗೂ ಶುಗರ್ ಬಂತೇನೋ" ಅಂತ ಗಾಬರಿಯಾದರು.

ದೇಹದ ಎಡ ಬಲ ಹೋಳು ಅಂಟಿಸುವುದು ನಿನಗೆ ಗೊತ್ತೇ ಇದೆ. ಒಂದೇ ವ್ಯತ್ಯಾಸ, ಈಗಿನ ತೆಳು ಸಿಮೆಂಟ್ ಅಂಟಿಸಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತೆ. ಸಂದಿಗೆ ಬ್ರಷ್ ತಾಗಿಸಿದರೆ ತಾನೇ ಒಳಗೆ ಓಡುತ್ತೆ. ಆಮೇಲೆ ವಾಟರ್ ಪೇಪರ್ ಹಿಡಿದು ಉಜ್ಜು, ನೋಡು, ಉಜ್ಜು. ಎರಡು ಭಾನುವಾರ ಇದೇ.

ಇಲ್ಲಿ ಒಂದು ಜಗಳ ಇದೆ, ನಿನ್ನ ಹತ್ತಿರ ತೆಗೆಯಲೇಬೇಕು. ಈಗಿನ ಹುಡುಗರು ವಿಮಾನದ ತಗಡಿನ ಜೋಡಣೆಯ ಗೆರೆಗೆಲ್ಲ ಕಪ್ಪು ಬಣ್ಣ ತುಂಬಿ ಚೌಕಟ್ಟು ಹಾಕಿದ ಹಾಗೆ ಮಾಡುತ್ತಾರೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ನಿಜ. ಆದರೆ ಲೆಕ್ಕ ಹಾಕು. ಮಾಡೆಲ್ ಮೇಲೆ ಗೆರೆ 0.2 ಮಿಲಿಮೀಟರ್ ಇದ್ದರೂ 72ರಿಂದ ಗುಣಿಸಿದರೆ 14 ಮಿಲಿಮೀಟರ್ ಆಯಿತು. ಶಬ್ದಕ್ಕಿಂತ ಜೋರಾಗಿ ಹೋಗುವ ವಿಮಾನದ ಮೈಮೇಲೆ ಕಿರುಬೆರಳು ತೂರುವಷ್ಟು ಸಂದು ಬಿಡುತ್ತಾರಾ? ನನಗೇ ಅನುಮಾನ ಬಂದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಹೋಗಿ ಅಲ್ಲಿಟ್ಟಿರುವ ಮಾರುತ್, ನಮ್ಮ ಎಚ್‌ಎಎಲ್ಲೇ ಕಟ್ಟಿದ ಯುದ್ಧವಿಮಾನ, ಅದರ ಮುಂದೆ ಅರ್ಧ ಗಂಟೆ ನಿಂತೆ. ಹತ್ತು ಹೆಜ್ಜೆ ಹಿಂದೆ ಸರಿದರೆ ಗೆರೆ ಮಾಯ, ಬಣ್ಣದ ಏರಿಳಿತ ಮಾತ್ರ ಕಾಣುತ್ತೆ. ಹತ್ತಿರ ಹೋದರೆ ರಿವೆಟ್‌ಗಳ ಸಾಲು. ಆದ್ದರಿಂದ ನಾನು ಕಂದು ಆಯಿಲ್ ಪೇಂಟನ್ನು ಟರ್ಪೆಂಟೈನ್‌ನಲ್ಲಿ ಚಹಾದಷ್ಟು ತೆಳು ಮಾಡಿ ಹಚ್ಚಿ, ತೊಂಬತ್ತು ಪಾಲು ಒರೆಸಿ ತೆಗೆದೆ.

(ಮಾರುತ್ ನೋಡಿ ಬರುವಾಗ ಸುರಂಜನ್ ದಾಸ್ ರಸ್ತೆಯಲ್ಲಿ ಟ್ರಾಫಿಕ್‌ಗೆ ಸಿಕ್ಕೆ. ದಿನಾ ಅದೇ ರಸ್ತೆಯಲ್ಲಿ ಸ್ಕೂಲಿಗೆ ಹೋದೆವು, ಯಾರು ಈ ದಾಸ್ ಅಂತ ಒಂದು ದಿನ ಕೇಳಲಿಲ್ಲ ಅಲ್ವಾ? 1961ರ ಜೂನ್ 17ರಂದು ಮಾರುತ್ ಅನ್ನು ಮೊದಲ ಸಲ ಹಾರಿಸಿದವರು. 1970ರಲ್ಲಿ ಮಾರುತ್‌ನಲ್ಲೇ ತೀರಿಕೊಂಡರು.)

ಈಗ ಅನಾಹುತದ ಕಥೆ. ಮೊದಮೊದಲು ಬಂದ ಎಫ್‌ಎಲ್‌ಗಳು ಬಣ್ಣವಿಲ್ಲದೆ ಬರಿ ಲೋಹದ ಮೈಯಲ್ಲಿ ಹಾರುತ್ತಿದ್ದವು. ಬಿಸಿಲಿಗೆ ಉಜ್ಜಿಟ್ಟ ಪಾತ್ರೆ ಥರ. ನನಗೂ ಅದೇ ಬೇಕಿತ್ತು. ಅದಕ್ಕೆ ಮೊದಲು ಇಡೀ ಮಾಡೆಲ್‌ಗೆ ಹೊಳೆಯುವ ಕಪ್ಪು ಕೊಡಬೇಕು, ಅದರ ಮೇಲೆ ಗಾಳಿಯಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಷ್ಷಿನಲ್ಲಿ ಅಲ್ಯುಮಿನಿಯಂ ಬಣ್ಣ, ಹೊಗೆಯಷ್ಟು ತೆಳುವಾಗಿ. ಕಪ್ಪು ಕನ್ನಡಿ ಥರ ಬಂದರೆ ಬೆಳ್ಳಿಯೂ ಕನ್ನಡಿ. ಕಪ್ಪಿನಲ್ಲಿ ಒಂದು ಧೂಳಿನ ಕಣ ಇದ್ದರೂ ಬೆಳ್ಳಿ ಅದನ್ನು ಊರಿಗೆಲ್ಲ ಸಾರುತ್ತೆ.

ಅಕ್ಟೋಬರ್, ಗೊತ್ತಲ್ಲ, ಹಿಂಗಾರು ಮಳೆ, ಬಟ್ಟೆಯೇ ಒಣಗದ ಕಾಲ. ನಾನು ಬಳಸಿದ್ದು ಎನಾಮಲ್ ಕಪ್ಪು, ಅದಕ್ಕೆ ನಾಲ್ಕೈದು ದಿನವಾದರೂ ಬೇಕು. ನನಗೆ ತಡೆಯಲಾಗಲಿಲ್ಲ. ಎರಡನೇ ದಿನಕ್ಕೇ ಬೆಳ್ಳಿ ಹೊಡೆದೆ. ಬಂತು ಮಾರಾಯ, ಹೇಗೆ ಬಂತು ಅಂತೀಯ, ಬಾಲದ ಬುಡಕ್ಕೆ ಎಂಜಿನ್ ಬಿಸಿಗೆ ಸುಟ್ಟ ಹಾಗೆ ಸ್ವಲ್ಪ ಕಂದು-ನೀಲಿ ಛಾಯೆ ಕೊಟ್ಟು, ಕೆಲವು ತಗಡು ಬೇರೆ ಬೇರೆ ಹೊಳಪಿಗೆ ಮಾಡಿ, ಮಗಳನ್ನು ಕರೆದು ತೋರಿಸೋಣ ಅಂತ ಎತ್ತಿ ಹಿಡಿದೆ.

ಬೆನ್ನ ಮೇಲೆ ಹೆಬ್ಬೆರಳು. ಸರಿಯಾಗಿ ನಡುವೆ. ಕಪ್ಪಿನವರೆಗೂ ಇಳಿದಿತ್ತು.

ಮಗಳು ನೋಡಿ "ಅಪ್ಪಾ, ಇದು ಆಧಾರ್ ಕಾರ್ಡ್ ಥರ ಇದೆ" ಅಂದಳು. ನಾನು ಅದನ್ನು ಡಬ್ಬದಲ್ಲಿಟ್ಟು ಮುಚ್ಚಿ ಹದಿನೈದು ದಿನ ಮುಟ್ಟಲಿಲ್ಲ. ನಿನಗೆ ಫೋನ್ ಮಾಡಿ ಸುಮ್ನೆ ಕ್ರಿಕೆಟ್ ಮಾತಾಡಿದ್ದು ಆಗಲೇ.

ಆ ಹದಿನೈದು ದಿನದಲ್ಲಿ ಕೆಲಸ ಇಲ್ಲದೆ ಹಳೇ ಫೋಟೋಗಳನ್ನು ನೋಡುತ್ತಾ ಕೂತೆ. 1971ರ ಯುದ್ಧದ ಹೊತ್ತಿಗೆ ಎಷ್ಟೋ ಎಫ್‌ಎಲ್‌ಗಳ ಹೊಳೆಯುವ ಲೋಹದ ಮೇಲೆ ಅವಸರದಲ್ಲಿ ಹಸಿರು, ಕಂದು ಬಳಿದಿದ್ದರು. ಕಾರ್ಖಾನೆಯ ಬಣ್ಣವಲ್ಲ ಅದು, ಸ್ಕ್ವಾಡ್ರನ್‌ಗಳ ಮಟ್ಟದಲ್ಲೇ ಮಾಡಿಕೊಂಡದ್ದು. ಒಂದರ ಹಾಗೆ ಇನ್ನೊಂದಿಲ್ಲ, ಅಂಚು ಓರೆಕೋರೆ. ಅದನ್ನು ನೋಡುತ್ತಿದ್ದ ಹಾಗೇ ತಲೆಗೆ ಹೊಳೆಯಿತು. ನನ್ನ ಹತ್ತಿರ ಬೆಳ್ಳಿ ಮೈ ಆಗಲೇ ಇದೆಯಲ್ಲ! ಅವರು ಮಾಡಿದ ಹಾಗೇ ಅದರ ಮೇಲೆ ಬಳಿದರಾಯಿತು.

ಮಗಳ ಹೇರ್ ಸ್ಪ್ರೇ ಕೇಳಿ ತಂದು ಇಡೀ ವಿಮಾನಕ್ಕೆ ಹೊಡೆದೆ. ಅದರ ಮೇಲೆ ಏರ್‌ಬ್ರಷ್ ಬೇಡ ಅಂತ ಬೇಕೆಂದೇ ಸಾದಾ ಬ್ರಷ್ಷಿನಲ್ಲಿ ಅಕ್ರಿಲಿಕ್ ಹಸಿರು, ಮಣ್ಣಿನ ಬಣ್ಣ. ಒಣಗಿದ ಮೇಲೆ ಒದ್ದೆ ಬ್ರಷ್ಷಿನಿಂದ ರೆಕ್ಕೆಯ ಮುಂದಿನ ಅಂಚು, ಪೈಲಟ್ ಕಾಲಿಟ್ಟು ಹತ್ತುವ ಜಾಗ, ಇಲ್ಲೆಲ್ಲ ಮೆಲ್ಲಗೆ ತಿಕ್ಕಿದೆ. ಕೆಳಗಿನ ಹೇರ್ ಸ್ಪ್ರೇ ನೀರಿಗೆ ಕರಗಿ ಮೇಲಿನ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಒಳಗಿನ ಲೋಹ ಇಣುಕುತ್ತೆ. ಬಣ್ಣದಲ್ಲಿ ಬರೆದ ಸವೆತ ಅಲ್ಲ, ನಿಜವಾಗಿ ಸವೆದದ್ದೇ. ಮೂಗಿನ ಕೋನ್ ಮಾತ್ರ ಹಸಿರು ಬಿಟ್ಟೆ, ಒಳಗೆ ರೇಡಾರ್ ಇರುವುದರಿಂದ ಅದು ಲೋಹವೇ ಅಲ್ಲ. ಹೆಬ್ಬೆರಳು ಎಲ್ಲಿ ಅಂತ ಕೇಳುತ್ತೀಯ. ಹಸಿರಿನ ಅಡಿಯಲ್ಲಿದೆ. ದೀಪ ಓರೆಯಾಗಿ ಹಿಡಿದರೆ ಈಗಲೂ ಕಾಣುತ್ತೆ.

1971 ಅಂದ ಮೇಲೆ ರಾಕೆಟ್ ಪಾಡ್, ಅಂದರೆ ರೆಕ್ಕೆಯಡಿ ನೇತುಹಾಕುವ ರಾಕೆಟ್ ತುಂಬಿದ ಡಬ್ಬಿ, ಬೇಕೇ ಬೇಕು. ಡಿಸೆಂಬರ್ 14ರಂದು 28ನೇ ಸ್ಕ್ವಾಡ್ರನ್ನಿನ ಮಿಗ್‌ಗಳು ಢಾಕಾದ ಗವರ್ನರ್ ಹೌಸ್ ಮೇಲೆ ರಾಕೆಟ್ ಹಾಕಿದ್ದವಲ್ಲ, ಒಳಗೆ ಸಭೆ ಇತ್ತು, ಜಾಗ ಗುರುತಿಸೋಕೆ ಕೈಯಲ್ಲಿದ್ದದ್ದು ಟೂರಿಸ್ಟ್ ಮ್ಯಾಪು, ಗವರ್ನರ್ ಅವತ್ತೇ ರಾಜೀನಾಮೆ ಕೊಟ್ಟರು. ಒಂದೊಂದು ಪಾಡ್‌ಗೆ 16 ರಾಕೆಟ್, ಒಂದೊಂದೂ 57 ಮಿಲಿಮೀಟರ್ ದಪ್ಪ. 72ರಿಂದ ಭಾಗಿಸಿದರೆ ಒಂದು ತೂತು 0.8 ಮಿಲಿಮೀಟರ್. ಕಿಟ್‌ನಲ್ಲಿ ತೂತಿನ ಬದಲು ಬರಿ ಗುಳಿ ಇತ್ತು. ಕೈಡ್ರಿಲ್ ಹಿಡಿದು ಎರಡೂ ಪಾಡ್ ಸೇರಿ 32 ತೂತು ಕೊರೆದೆ, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು. 31ನೆಯದು ಪಕ್ಕದ ತೂತಿಗೆ ಸೇರಿಹೋಯಿತು. ಆ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ, ನೀನು ಬಂದಾಗ ಎತ್ತಿ ನೋಡಬೇಡ.

ಎಫ್‌ಎಲ್‌ಗೆ ಮೈಯೊಳಗೆ ಗನ್ನೇ ಇರಲಿಲ್ಲ ಅಂತ ಗೊತ್ತಿತ್ತಾ? ಹೊಟ್ಟೆಯಡಿ ಜಿಪಿ-9 ಅನ್ನುವ ಗನ್ ಪಾಡ್ ನೇತುಹಾಕುತ್ತಿದ್ದರು. ಡಿಸೆಂಬರ್ 12ರಂದು 47ನೇ ಸ್ಕ್ವಾಡ್ರನ್ನಿನ ಮಿಗ್ ಪಾಕಿಸ್ತಾನದ ಎಫ್-104 ಅನ್ನು ಉರುಳಿಸಿದ್ದು ಅದರಿಂದಲೇ. ನಾನು ಅದನ್ನೂ ಹಾಕಿದೆ. ಯಾವುದೋ ಒಂದೇ ವಿಮಾನದ ಪಡಿಯಚ್ಚು ಅಲ್ಲ ಬಿಡು ನನ್ನದು.

ಡೆಕಾಲ್ ಹಾಕುವ ದಿನ ಇನ್ನೊಂದು ಸಲ ಪ್ರಾಣ ಬಾಯಿಗೆ ಬಂತು. ಕೇಸರಿ-ಬಿಳಿ-ಹಸಿರು ವೃತ್ತ ಬಿಸಿನೀರಿನಲ್ಲಿ ನೆನೆಸಿ, ಜಾರಿಸಿ ರೆಕ್ಕೆ ಮೇಲೆ ಕೂರಿಸಿ, ಮೆತ್ತಗಾಗಿಸುವ ದ್ರಾವಣ ಹಚ್ಚಿದೆ. ಹಪ್ಪಳ ಎಣ್ಣೆಗೆ ಬಿದ್ದ ಹಾಗೆ ಸುಕ್ಕಾಯಿತು. ಮುಟ್ಟಬಾರದು ಅಂತ ಓದಿದ್ದೆ. ಎರಡೂ ಕೈ ಕುಂಡೆ ಕೆಳಗಿಟ್ಟುಕೊಂಡು ಕೂತೆ, ನಿಜ ಹೇಳುತ್ತಿದ್ದೇನೆ. ಇಪ್ಪತ್ತು ನಿಮಿಷಕ್ಕೆ ತಾನೇ ಬಿಗಿದು ಗೆರೆಯೊಳಗೆಲ್ಲ ಇಳಿದು ಬಣ್ಣ ಬಳಿದ ಹಾಗೇ ಕೂತಿತು. ಸಿ ಅಕ್ಷರದ ನಂಬರ್ ಬಾಲದ ಕಡೆ ಒಂದು ಕೂದಲೆಳೆ ಓರೆ ಇದೆ, ಇರಲಿ.

ಯುಗಾದಿಗೆ ಮೈಸೂರಿಗೆ ಬರುತ್ತೇನೆ. ಮಿಗ್‌ಗೆ ಅರ್ಧ ಕೇಜಿ ಸ್ವೀಟ್ ಬಾಕ್ಸ್ ಸರಿಯಾಗಿ ಅಳತೆ ಆಗುತ್ತೆ, ಪಿಟೋಗೆ ಮಾತ್ರ ಒಂದು ಕಡೆ ತೂತು ಕೊರೆಯಬೇಕು. ರೈಲಿನಲ್ಲಿ ತೊಡೆ ಮೇಲಿಟ್ಟುಕೊಂಡೇ ಬರುತ್ತೇನೆ. ಪಕ್ಕದವರು ಮೈಸೂರು ಪಾಕು ಅಂದುಕೊಂಡರೆ ಅಂದುಕೊಳ್ಳಲಿ. ನೀನು ಅಷ್ಟರಲ್ಲಿ ನಿಮ್ಮಮ್ಮನ ಕಬ್ಬಿಣದ ಟ್ರಂಕ್ ತೆಗೆದು ನೋಡು. ಕ್ವಾರ್ಟರ್ಸ್ ಬಿಡುವಾಗ ಆ ಹಳೇ ಮಿಗ್ ಅದರೊಳಗೆ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಒಂದು ಚಕ್ರ ಇರಲಿಲ್ಲ, ರೆಕ್ಕೆ ಮುರಿದಿತ್ತು, ಏನಾದರೂ ಸರಿ. ಸಿಕ್ಕಿದರೆ ಒರೆಸಬೇಡ, ನೀರಿಗೆ ಹಾಕಬೇಡ. ಕ್ಯಾನಪಿ ಮೇಲೆ ನಿನ್ನ ಹೆಬ್ಬೆರಳು ಇನ್ನೂ ಇದೆಯಾ ಅಂತ ಮೊದಲು ನೋಡಬೇಕು.

ಇಂತಿ,
ನಿನ್ನ ತಾರಸಿ ಪಾರ್ಟ್‌ನರ್